ಚೆಸ್‌ನಲ್ಲಿ ಸಿ4 ಸಿ5: ಎದುರಾಳಿ ನಮ್ಮ ನಡೆಯನ್ನೇ ನಕಲು ಮಾಡುತ್ತಾ ಹೋದರೆ ಎಲ್ಲಿ ಮುರಿಯಬೇಕು? 1972ರ 8ನೇ ಆಟ ಇಟ್ಟುಕೊಂಡು ಚರ್ಚೆ

ಕೋಟೆಗುಡ್ಡ_ಬಳ್ಳಾರಿ

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಭಾನುವಾರದ ರ್‍ಯಾಪಿಡ್‌ಗಳಲ್ಲಿ 1.ಸಿ4 ಬಿತ್ತು ಅಂದರೆ ಹುಡುಗರು ತಕ್ಷಣ 1...ಸಿ5 ಆಡಿ, ಮುಂದಿನ ಏಳೆಂಟು ನಡೆ ಬಿಳಿ ಏನು ಆಡುತ್ತದೋ ಅದನ್ನೇ ಆಡುತ್ತಾರೆ. ಗಡಿಯಾರ ಉಳಿಯುತ್ತದೆ, ತಲೆ ಖರ್ಚಾಗುವುದಿಲ್ಲ. ಬಿಳಿ ಆಡುವ ಮಕ್ಕಳಿಗೆ ಬೇಜಾರು: "ಸರ್, ಡ್ರಾ ಆಗೋ ಓಪನಿಂಗ್ ಯಾಕೆ ಕಲಿಸ್ತೀರಿ?"

ಬರುವ ತರಗತಿಗೆ ಒಂದೇ ಆಟ ತೆಗೆದುಕೊಳ್ಳೋಣ ಅಂತಿದ್ದೇನೆ. 1972, ರೇಕ್ಯಾವಿಕ್, ಫಿಶರ್–ಸ್ಪಾಸ್ಕಿ ವಿಶ್ವ ಚಾಂಪಿಯನ್‌ಷಿಪ್‌ನ 8ನೇ ಆಟ. ಸಿಮೆಟ್ರಿಕಲ್ ಇಂಗ್ಲಿಷ್ (1.ಸಿ4 ಸಿ5 ಓಪನಿಂಗ್‌ನ ಹೆಸರು), ಇಸಿಒ (ಓಪನಿಂಗ್‌ಗಳ ವಿಶ್ವಕೋಶ) ಸಂಕೇತ ಎ39. ಬಿಳಿ (ಫಿಶರ್) 37 ನಡೆಯಲ್ಲಿ ಗೆದ್ದಿತು, ಪಂದ್ಯ ಫಿಶರ್ ಕಡೆಗೆ 5–3 ಆಯಿತು.

ಬರೆಯುವ ರೀತಿ: ಕು ಅಂದರೆ ಕುದುರೆ, ಒಂ ಒಂಟೆ, ಆ ಆನೆ, ಮಂ ಮಂತ್ರಿ, ರಾ ರಾಜ. ಅಕ್ಷರ ಇಲ್ಲದಿದ್ದರೆ ಪಾನ್. × ಹೊಡೆತ, + ಚೆಕ್, 0-0 ಕ್ಯಾಸ್ಲಿಂಗ್, ! ಒಳ್ಳೆ ನಡೆ, ? ತಪ್ಪು, ?? ದೊಡ್ಡ ತಪ್ಪು. ಮೂರು ಚುಕ್ಕಿ ಇದ್ದರೆ ಕಪ್ಪಿನ ನಡೆ. ಆಎ-ಸಿ1 ಅಂದರೆ ಎ ಕಾಲಮ್‌ನ ಆನೆ ಸಿ1ಕ್ಕೆ.

1.ಸಿ4 ಸಿ5 2.ಕುಸಿ3 ಕುಸಿ6 3.ಕುಎಫ್3 ಕುಎಫ್6 4.ಜಿ3 ಜಿ6 5.ಒಂಜಿ2 ಒಂಜಿ7 6.0-0 0-0 7.ಡಿ4 ಸಿ×ಡಿ4 8.ಕು×ಡಿ4 ಕು×ಡಿ4 9.ಮಂ×ಡಿ4 ಡಿ6 10.ಒಂಜಿ5 ಒಂಇ6 11.ಮಂಎಫ್4 ಮಂಎ5 12.ಆಎ-ಸಿ1 ಆಎ-ಬಿ8 13.ಬಿ3 ಆಎಫ್-ಸಿ8 14.ಮಂಡಿ2 ಎ6 15.ಒಂಇ3 ಬಿ5 16.ಒಂಎ7

ನನ್ನ ಪ್ರಶ್ನೆ ಎರಡು. ನಕಲು ಮಾಡುವವನಿಗೆ ಪೆಟ್ಟು ಬೀಳುವ ಜಾಗ ಯಾವುದು? 15...ಬಿ5 ತಪ್ಪು ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ತಪ್ಪು ಅಂತ 1300 ರೇಟಿಂಗ್ ಹುಡುಗನಿಗೆ ಹೇಗೆ ತೋರಿಸುವುದು?

ಗಂಗಾವತಿ_ಭತ್ತ

ಮೊದಲ್ನೇದಕ್ಕ ಉತ್ತರ ಸಣ್ಣದೈತಿ. 7.ಡಿ4 ಆದ ಮ್ಯಾಲೆ ಸಿ×ಡಿ4 ಬಿಟ್ಟು ಹುಡುಗ 7...ಡಿ5 ಅಂತ ನಕಲು ಹೊಡದ ಅನ್ಕೋರಿ. ಆ ನಡಿ ಒಂದರಿಂದನ ಸೋಲೂದಿಲ್ಲ. ಆದ್ರ ಅಲ್ಲಿಂದಾಚೆ ನಕಲು ಮುಂದುವರ್ಸಿದ್ರ ಹಿಂಗ ಆಗ್ತದ:

8.ಡಿ×ಸಿ5 ಡಿ×ಸಿ4 9.ಮಂಎ4 ಮಂಎ5 10.ಮಂ×ಸಿ4 ಮಂ×ಸಿ5?? 11.ಮಂ×ಸಿ5

ಮಂತ್ರಿ ಪುಕ್ಕಟೆ ಹೋತು. ಬೋರ್ಡ್ ಮ್ಯಾಲೆ ಇಟ್ಟು ನೋಡ್ರಿ, ಸಿ5ಕ್ಕ ಕಪ್ಪಿನ ಒಂದು ಕಾಯಿನೂ ಕಾವಲಿಲ್ಲ. ಎಫ್6 ಕುದರಿ ಇಲ್ಲ, ಸಿ6 ಕುದರಿ ಇಲ್ಲ, ಡಿ ಪಾನ್ ಅಂತೂ ಹೋಗೇ ಬಿಟ್ಟೈತಿ. ಬಿಳಿ ಮಂತ್ರಿಗೂ ಸಿ4ರಾಗ ಕಾವಲಿಲ್ಲ, ಖರೇ. ಆದ್ರ ಮೊದಲು ಹೊಡಿಯೋ ಪಾಳಿ ಬಿಳೀದು. ನಕಲು ಮಾಡಾಂವ ಯಾವತ್ತೂ ಅರ್ಧ ನಡಿ ಹಿಂದ ಇರ್ತಾನ, ಕಾಯಿ ಕಾಯಿ ಎದುರಾಬದುರು ನಿಂತಾಗ ಆ ಅರ್ಧ ನಡಿಗೇ ಬೆಲಿ.

ಹುಡುಗರಿಗೆ ಇದನ್ನ 10.ಮಂ×ಸಿ4 ತನಕ ಆಡಿ ತೋರ್ಸಿ, "ಈಗ ಕಪ್ಪು ಏನು ಆಡ್ಬೇಕು" ಅಂತ ಕೇಳ್ರಿ. 10...ಒಂಇ6 ಅಂತ ಮಂತ್ರೀನ ಕೇಳೋ ನಡಿ ಹುಡುಕಿದ್ರ ಅಂವ ಬೋರ್ಡ್ ನೋಡ್ತಿದಾನ. ತಟ್ಟನ ಮಂ×ಸಿ5 ಅಂದ್ರ ಎದುರಾಳಿ ಕೈ ನೋಡ್ತಿದಾನ ಅಂತ ಅರ್ಥ.

ಕಿನ್ನಾಳಗೊಂಬೆ

ಇಷ್ಟು ಚೊಕ್ಕ ಉದಾಹರಣೆ ನೋಡಿರಲಿಲ್ಲ. ಪೆಟ್ರೋವ್ ಓಪನಿಂಗ್‌ನದು ಗೊತ್ತಿತ್ತು: 1.ಇ4 ಇ5 2.ಕುಎಫ್3 ಕುಎಫ್6 3.ಕು×ಇ5 ಕು×ಇ4 4.ಮಂಇ2 ಕುಎಫ್6?? 5.ಕುಸಿ6+ ಮಂತ್ರಿ ಹೋಯಿತು. ಎರಡನ್ನೂ ಒಂದೇ ಹಾಳೆಯಲ್ಲಿ ಕೊಡಬಹುದು.

ಎಡೆದೊರೆ64

ರಾಯಚೂರಿನಿಂದ. ಎರಡನೇ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ "ಆನೆ ಹೋಯಿತು" ಅನ್ನುವ ಒಂದು ಸಾಲಿನ ವಿವರಣೆ ಮಕ್ಕಳ ತಲೆಯಲ್ಲಿ ನಿಲ್ಲುವುದಿಲ್ಲ.

14...ಎ6 ಆದ ಮೇಲಿನ ಸ್ಥಿತಿ ಇಡಿ. ಬಿಳಿ: ರಾಜಿ1, ಮಂಡಿ2, ಆಸಿ1, ಆಎಫ್1, ಒಂಜಿ2, ಒಂಜಿ5, ಕುಸಿ3; ಪಾನ್ ಎ2, ಬಿ3, ಸಿ4, ಇ2, ಎಫ್2, ಜಿ3, ಎಚ್2. ಕಪ್ಪು: ರಾಜಿ8, ಮಂಎ5, ಆಬಿ8, ಆಸಿ8, ಒಂಜಿ7, ಒಂಇ6, ಕುಎಫ್6, ಪಾನ್ ಎ6, ಬಿ7, ಡಿ6, ಇ7, ಎಫ್7, ಜಿ6, ಎಚ್7.

ಕಪ್ಪಿನ ಯೋಜನೆ ತಪ್ಪಲ್ಲ. ಈ ರಚನೆಯಲ್ಲಿ ಬಿಳಿಗೆ ಸಿ4 ಪಾನ್‌ನಿಂದ ಮಧ್ಯದಲ್ಲಿ ಜಾಗ ಜಾಸ್ತಿ, ಅದನ್ನು ಒಡೆಯಲು ಕಪ್ಪಿಗೆ ಇರುವ ಸಹಜ ದಾರಿಯೇ ...ಬಿ5. ಆಬಿ8, ಆಸಿ8, ಎ6 ಎಲ್ಲವೂ ಅದಕ್ಕೇ ಮಾಡಿದ ಸಿದ್ಧತೆ. ಆದರೆ 15.ಒಂಇ3 ಬಂದ ಕ್ಷಣ ಲೆಕ್ಕ ಬದಲಾಯಿತು. ಜಿ5ರಲ್ಲಿದ್ದಾಗ ಈ ಒಂಟೆಗೆ ಎ7 ಕಾಣುತ್ತಿರಲಿಲ್ಲ, ಇ3ಗೆ ಬಂದ ಮೇಲೆ ಕಾಣುತ್ತದೆ.

ಈಗ 15...ಬಿ5 16.ಒಂಎ7. ಬಿ8 ಆನೆಗೆ ಹೋಗಲು ಯಾವ ಮನೆ ಇದೆ ಎಣಿಸಿ. ಬಿ6: ಎ7 ಒಂಟೆ ಹೊಡೆಯುತ್ತದೆ. ಬಿ7: ಜಿ2 ಒಂಟೆ. ಎ8: ಅದೂ ಜಿ2 ಒಂಟೆಯ ಗೆರೆಯೇ. ಬಲಕ್ಕೆ ಸಿ8ರಲ್ಲಿ ತನ್ನದೇ ಆನೆ. ಬಿ7ರಲ್ಲಿ ಪಾನ್ ಇದ್ದಷ್ಟು ಹೊತ್ತು ಜಿ2 ಒಂಟೆಯ ಉದ್ದ ಗೆರೆ ಅಲ್ಲಿಗೇ ನಿಲ್ಲುತ್ತಿತ್ತು. ಆ ಪಾನ್ ಬಿ5ಗೆ ಹೋದದ್ದೇ ಗೆರೆಯನ್ನು ಎ8ರವರೆಗೆ ತೆರೆದುಬಿಟ್ಟಿತು. ಅಂದರೆ ಕಪ್ಪು ತನ್ನ ಆನೆಯ ಮೇಲೆ ತಾನೇ ಬಾಗಿಲು ಹಾಕಿಕೊಂಡಿತು. ಎರಡು ಬಿಳಿ ಒಂಟೆ, ಎರಡು ಬೇರೆ ಬೇರೆ ಬಣ್ಣದ ಗೆರೆ, ನಡುವೆ ಸಿಕ್ಕ ಆನೆ. ಇದನ್ನು ಮಕ್ಕಳು ಬೆರಳಿಟ್ಟು ತೋರಿಸಬೇಕು, ಬಾಯಲ್ಲಿ ಹೇಳಿದರೆ ಸಾಲದು.

ಮುಂದೆ: 16...ಬಿ×ಸಿ4 17.ಒಂ×ಬಿ8 ಆ×ಬಿ8 18.ಬಿ×ಸಿ4 ಒಂ×ಸಿ4. ಆನೆ ಕೊಟ್ಟು ಒಂಟೆ ಮತ್ತು ಒಂದು ಪಾನ್ ಸಿಕ್ಕಿದೆ. ಬಿ ಕಾಲಮ್ ಕಪ್ಪಿನ ಕೈಯಲ್ಲಿ, ಜಿ7 ಒಂಟೆ ಜೋರಾಗಿದೆ. ಇಲ್ಲಿಗೆ ನಿಲ್ಲಿಸಿದರೆ ಕಪ್ಪು ಸೋತೇ ಹೋಗಿದೆ ಅಂತ ಯಾರೂ ಹೇಳಲಾರರು.

ಮುದಗಲ್_ಆನೆ

ಹಾಗಾದರೆ ಅದು ಬೇಕಂತಲೇ ಮಾಡಿದ ಎಕ್ಸ್‌ಚೇಂಜ್ ಬಲಿ (ಆನೆ ಕೊಟ್ಟು ಒಂಟೆ ಅಥವಾ ಕುದುರೆ ತೆಗೆದುಕೊಳ್ಳುವುದು) ಅಂತ ವಾದಿಸಬಹುದಲ್ಲ?

ಎಡೆದೊರೆ64

ವಾದಿಸಬಹುದು, ಹಾಗೆ ಬರೆದವರೂ ಇದ್ದಾರೆ. ಬೋರ್ಡ್ ನೋಡಿದರೆ ನನಗೆ ನಂಬಿಕೆ ಬರುವುದಿಲ್ಲ. ಬಲಿ ಕೊಡುವವನಿಗೆ ಬದಲಿಗೆ ಏನಾದರೂ ನಿಲ್ಲುವಂಥದ್ದು ಬೇಕು: ಬಿಳಿ ರಾಜನ ಸುತ್ತ ತೂತು, ಅಥವಾ ಕದಲಿಸಲಾಗದ ಕುದುರೆ. ಇಲ್ಲಿ ಒಂದು ಪಾನ್ ಬಿಟ್ಟರೆ ಬೇರೇನೂ ಇಲ್ಲ, ಮೇಲಾಗಿ ಎ5 ಮಂತ್ರಿ ಕಾವಲಿಲ್ಲದೆ ನಿಂತಿದೆ. ನಿಜವಾದ ಪೆಟ್ಟು ಬಿದ್ದದ್ದೂ ಅಲ್ಲಿಂದಲೇ.

19.ಆಎಫ್-ಡಿ1 ಕುಡಿ7? 20.ಕುಡಿ5!

ಸಿ3ರ ಕುದುರೆ ಎದ್ದ ತಕ್ಷಣ ಎರಡು ಗೆರೆ ಒಟ್ಟಿಗೆ ತೆರೆಯುತ್ತವೆ. ಡಿ2 ಮಂತ್ರಿಯಿಂದ ಎ5ರವರೆಗೆ ಒಂದು, ಸಿ1 ಆನೆಯಿಂದ ಸಿ4 ಒಂಟೆಯವರೆಗೆ ಇನ್ನೊಂದು. ಕುದುರೆ ಹೋಗಿ ಕೂತ ಮನೆಯಿಂದ ಇ7ಕ್ಕೆ ಚೆಕ್ ಕೂಡ ಇದೆ. 20...ಒಂ×ಡಿ5 ಅಂದರೆ 21.ಮಂ×ಎ5. ಹಾಗಾಗಿ 20...ಮಂ×ಡಿ2 21.ಕು×ಇ7+ ರಾಎಫ್8 22.ಆ×ಡಿ2 ರಾ×ಇ7 23.ಆ×ಸಿ4.

21ನೇ ನಡೆಯ ಮೇಲೆ ನಿಲ್ಲಿ. ಮಂತ್ರಿ ಹೋಗಿದೆ, ಹತ್ತರಲ್ಲಿ ಒಂಬತ್ತು ಮಕ್ಕಳು ಗಾಬರಿಯಲ್ಲಿ ತಕ್ಷಣ 21.ಆ×ಡಿ2 ಹೊಡೆಯುತ್ತಾರೆ. ಆಗ 21...ಒಂ×ಡಿ5 22.ಒಂ×ಡಿ5 ಆಗಿ ಕುದುರೆ ಒಂಟೆ ಬದಲಾಗುತ್ತದೆ ಅಷ್ಟೇ, ಇ7 ಪಾನ್ ಕಪ್ಪಿಗೇ ಉಳಿಯುತ್ತದೆ. ಮೊದಲು ಚೆಕ್ ಕೊಟ್ಟು ಇ7 ಪಾನ್ ತೆಗೆದುಕೊಳ್ಳಬೇಕು, ಡಿ2ರ ಮಂತ್ರಿ ಎಲ್ಲಿಗೂ ಓಡುವುದಿಲ್ಲ.

23.ಆ×ಸಿ4 ಆದ ಮೇಲೆ ಎಣಿಕೆ: ಬಿಳಿಗೆ ಎರಡು ಆನೆ, ಒಂಟೆ, ಐದು ಪಾನ್. ಕಪ್ಪಿಗೆ ಆನೆ, ಒಂಟೆ, ಕುದುರೆ, ಐದು ಪಾನ್. ಬಲಿಗೆ ಸಿಕ್ಕಿದ್ದ ಆ ಒಂದು ಪಾನ್ ಕೂಡ ವಾಪಸ್ ಹೋಯಿತು.

ಕೋಟೆಗುಡ್ಡ_ಬಳ್ಳಾರಿ

19...ಕುಡಿ7 ಬದಲು?

ಎಡೆದೊರೆ64

19...ಒಂಇ6. ಸಿ4ರಲ್ಲಿ ಒಂಟೆ ಇಲ್ಲದಿದ್ದರೆ 20.ಕುಡಿ5 ಮಂ×ಡಿ2 21.ಕು×ಇ7+ ರಾಎಫ್8 22.ಆ×ಡಿ2 ರಾ×ಇ7 ಆದಾಗ ಬಿಳಿಗೆ ಹೊಡೆಯಲು ಏನೂ ಉಳಿಯುವುದಿಲ್ಲ, ಕುದುರೆ ಕೊಟ್ಟು ಬರೀ ಪಾನ್ ಸಿಕ್ಕಂತಾಗುತ್ತದೆ. ಬೆದರಿಕೆ 19.ಆಎಫ್-ಡಿ1 ಆದಾಗಲೇ ಇತ್ತು, 19...ಕುಡಿ7 ಅದಕ್ಕೆ ಉತ್ತರವೇ ಅಲ್ಲ.

ಇನ್ನೂ ಹಿಂದೆ ಹೋದರೆ 15...ಬಿ5 ಬದಲು 15...ಕುಜಿ4 ಆಡಿ ಇ3 ಒಂಟೆಯನ್ನೇ ಕೇಳುವುದು ನನಗೆ ಸರಿ ಕಾಣುತ್ತದೆ. 16.ಒಂಡಿ4 ಬಂದರೆ ಒಂಟೆ ಒಂಟೆ ಬದಲಾಗಿ ಕಪ್ಪಿನ ಇಕ್ಕಟ್ಟು ಕಡಿಮೆ.

ಗಂಗಾವತಿ_ಭತ್ತ

ಹುಡುಗರಿಗೆ ಒಂದು ಕಟ್ಟಪ್ಪಣಿ ಮಾಡ್ರಿ: ಎರಡೂ ಮಂತ್ರಿ ಒಂದ ಗೆರಿ ಮ್ಯಾಲೆ, ನಡುವ ಒಂದ ಕುದರಿ, ಮತ್ತ ನಿಮ್ಮ ಮಂತ್ರಿಗೆ ಕಾವಲಿಲ್ಲ ಅಂದ್ರ ಆ ಕುದರಿ ಹೋಗಬಹುದಾದ ಎಂಟೂ ಮನಿ ಎಣಸ್ಬೇಕು. 14.ಮಂಡಿ2 ಆದಾಗಿಂದ ಈ ಆಟದಾಗ ಆ ಜೋಡಿ ನಿಂತೇ ಐತಿ, ಡಿ2 ಮತ್ತ ಎ5. ಸಿಮೆಟ್ರಿಕಲ್ ಇಂಗ್ಲಿಷ್‌ನಾಗ ...ಮಂಎ5 ಆಡೋರೆಲ್ಲ ಇದಕ್ಕ ಬೀಳ್ತಾರ.

ಕಿನ್ನಾಳಗೊಂಬೆ

ಕೊನೆಯ ಭಾಗವನ್ನೂ ಬಿಡಬೇಡಿ. 23...ಆಬಿ1+ 24.ಒಂಎಫ್1 ಕುಸಿ5 25.ರಾಜಿ2 ಎ5 26.ಇ4 ಒಂಎ1 27.ಎಫ್4 ಎಫ್6 28.ಆಇ2 ರಾಇ6 29.ಆಇ-ಸಿ2 ಒಂಬಿ2 30.ಒಂಇ2 ಎಚ್5 31.ಆಡಿ2 ಒಂಎ3 32.ಎಫ್5+ ಜಿ×ಎಫ್5 33.ಇ×ಎಫ್5+ ರಾಇ5 34.ಆಸಿ-ಡಿ4 ರಾ×ಎಫ್5 35.ಆಡಿ5+ ರಾಇ6 36.ಆ×ಡಿ6+ ರಾಇ7 37.ಆಸಿ6, ಕಪ್ಪು ಶರಣು.

ಇದರಲ್ಲಿ ನನಗೆ ಇಷ್ಟವಾಗುವುದು 31...ಒಂಎ3. ಒಂಟೆ ಆ ಗೆರೆಗೆ ಬಂದದ್ದು ಎ3ರಿಂದ ಬಿ4, ಸಿ5 ದಾಟಿ ಡಿ6 ಕಾಯಬಹುದು ಅನ್ನುವ ಹಾಗೆ ಕಾಣುತ್ತದೆ. ಆದರೆ ಸಿ5ರಲ್ಲಿ ತನ್ನದೇ ಕುದುರೆ ಕೂತಿದೆ. ಕುದುರೆ ಅಲ್ಲಿ ಚೆನ್ನಾಗಿದೆ, ಒಂಟೆಯೂ ಚೆನ್ನಾಗಿದೆ, ಎರಡೂ ಸೇರಿದಾಗ ಡಿ6 ಅನಾಥ. 36.ಆ×ಡಿ6+ ಆದಾಗ ರಾಜ ಹೊಡೆಯುವ ಹಾಗೂ ಇಲ್ಲ, ಹಿಂದೆ ಡಿ2ರಲ್ಲಿ ಇನ್ನೊಂದು ಆನೆ ಇದೆ.

ಎಕ್ಸ್‌ಚೇಂಜ್ ಮುಂದಿದ್ದವರು ಗೆಲ್ಲುವ ರೀತಿ ಇದೇ: ಆನೆಗಳಿಗೆ ಕಾಲಮ್ ಬೇಕು. ಫಿಶರ್ ಒಮ್ಮೆ ಸಿ ಕಾಲಮ್, ಒಮ್ಮೆ ಡಿ ಕಾಲಮ್ ಅಂತ ಆನೆ ಸರಿಸುತ್ತಾ, ಕಡೆಗೆ ಎಫ್5 ತಳ್ಳಿ ರಾಜನ ಮುಂದಿನ ಪಾನ್‌ಗಳನ್ನು ಒಡೆದ. ಅವಸರವಿಲ್ಲ.

ಮುದಗಲ್_ಆನೆ

10.ಒಂಜಿ5 ಈಗ ಯಾರಾದರೂ ಆಡುತ್ತಾರಾ? ನಾನು ಕಲಿಸುವುದು 10.ಮಂಡಿ3.

ಎಡೆದೊರೆ64

ಮುಖ್ಯ ಸಾಲು 10.ಮಂಡಿ3 ಅನ್ನುವುದು ಸರಿ. ಡಿ4ರಲ್ಲಿ ಮಂತ್ರಿ ಜಿ7 ಒಂಟೆಯ ಗೆರೆಯಲ್ಲಿದೆ, ಎಫ್6 ಕುದುರೆ ಎಲ್ಲಿಗೆ ಹಾರಿದರೂ ಮಂತ್ರಿಗೆ ಪೆಟ್ಟು. ಬೇಗ ಎದ್ದು ಹೋಗುವುದು ಒಳ್ಳೆಯದು. ಡಿ2ಗೆ ಹೋದರೆ ಸಿ1 ಒಂಟೆಗೆ ಅಡ್ಡ, ಅದಕ್ಕೇ ಡಿ3. ಆಮೇಲೆ 10...ಒಂಎಫ್5 ಆಡಿದರೆ 11.ಇ4 ಒಂಇ6. ಕಪ್ಪು ಒಂದು ನಡೆ ಕಳೆದುಕೊಂಡಂತೆ ಕಂಡರೂ ಬಿಳಿಯ ಇ4 ಪಾನ್ ಈಗ ಜಿ2 ಒಂಟೆಯನ್ನು ಮುಚ್ಚಿದೆ, ಮೇಲೆ ಹೇಳಿದ ಎ8ರ ಗೆರೆ ಇಲ್ಲ. ಇನ್ನೊಂದು 10...ಎ6 11.ಒಂಡಿ2 ಆಬಿ8 12.ಆಎ-ಸಿ1 ಬಿ5. ಇಲ್ಲೂ ಅದೇ ...ಬಿ5, ಆದರೆ ಕಪ್ಪು ಮಂತ್ರಿ ಡಿ8 ಬಿಟ್ಟು ಕದಲಿಲ್ಲ, ಆನೆ ಸಿ8ಕ್ಕೆ ಬಂದಿಲ್ಲ. ಒಂದೇ ಯೋಜನೆ, ಕಾಯಿ ನಿಲ್ಲಿಸಿದ ರೀತಿ ಬೇರೆ. ಮಕ್ಕಳಿಗೆ ಎರಡು ಬೋರ್ಡ್ ಪಕ್ಕಪಕ್ಕ ಇಟ್ಟು ತೋರಿಸಿ.

ಕೋಟೆಗುಡ್ಡ_ಬಳ್ಳಾರಿ

ಸಂತೋಷ. ಇನ್ನೊಂದು ತೊಂದರೆ: ಕುಎಫ್3 ಬದಲು ಬೇರೆ ದಾರಿ ಕೇಳುವ ಮಕ್ಕಳಿದ್ದಾರೆ. ಡಿ4 ಮಾಡಿ ಕಾಯಿ ಬದಲಾಯಿಸಿಕೊಳ್ಳಲು ಇಷ್ಟವಿಲ್ಲ, ಉದ್ದ ಆಟ ಬೇಕು.

ಗಂಗಾವತಿ_ಭತ್ತ

1.ಸಿ4 ಸಿ5 2.ಕುಸಿ3 ಕುಸಿ6 3.ಜಿ3 ಜಿ6 4.ಒಂಜಿ2 ಒಂಜಿ7 ತನಕ ಬಂದ್ರ ಐದ್ನೇ ನಡಿಗೆ ನಾಕು ಬಾಗಲಾ ಅದಾವ.

5.ಇ4, ಬೋಟ್ವಿನ್ನಿಕ್ ಪದ್ಧತಿ. ಮುಂದ ಡಿ3, ಕುಜಿ-ಇ2, 0-0. ಡಿ4 ಮನಿ ತೂತಾಗ್ತದ, ಅದು ಗೊತ್ತಿದ್ದೇ ಆಡ್ಬೇಕು. ಕುದರಿ ಎಫ್3ಕ್ಕ ಬ್ಯಾಡ ಇ2ಕ್ಕ ಯಾಕಂದ್ರ ಎಫ್ ಪಾನ್ ಮುಂದ ಹೋಗ್ಬೇಕು, ಮತ್ತ ಡಿ4 ಮ್ಯಾಲೆ ಕಣ್ಣಿರ್ಬೇಕು. ಎಡಕ್ಕ ಎ3, ಆಬಿ1, ಬಿ4. ಬಲಕ್ಕ ಎಫ್4. ಮಕ್ಕಳು ಮಾಡೋ ತಪ್ಪಂದ್ರ ಎರಡೂ ಕಡೆ ಒಮ್ಮೆಲೆ ಶುರು ಹಚ್ಕೋತಾರ, ಯಾವ್ದೂ ಮುಗಿಯೂದಿಲ್ಲ.

5.ಇ3: ಕುಜಿ-ಇ2 ಮಾಡಿ ಡಿ4 ತಳ್ಳೋದು. ಕಪ್ಪು 5...ಇ5 ಆಡಿ ಅದನ್ನ ತಡದ್ರ ಡಿ5 ಮನಿ ನಿಮ್ಮದು.

5.ಎ3: ಬಿ4 ಸಲುವಾಗಿ. ಕಪ್ಪು 5...ಇ6 ಆಡಿದ್ರೂ 6.ಬಿ4 ನಡೀತದ. 6...ಕು×ಬಿ4 7.ಎ×ಬಿ4 ಸಿ×ಬಿ4, ಈಗ ಸಿ3 ಕುದರಿ ಎದ್ದು ಹೋದ್ರ ಹಿಂದ ಎ1 ಆನಿ ಹೋಗ್ತದ, ಜಿ7 ಒಂಟಿ ನೋಡ್ತಿರ್ತದ. ಅದಕ್ಕ 8.ಡಿ4 ಬಿ×ಸಿ3 9.ಇ3. ಎರಡು ಪಾನ್ ಹಿಂದ ಇದ್ರೂ ಸಿ3 ಪಾನ್ ಉಳಿಯೂದು ಕಷ್ಟ, ಬಿಳಿಗೆ ಎ ಕಾಲಮ್ಮು, ನಡುವ ದೊಡ್ಡ ಜಾಗ. 1500ರ ಕೆಳಗಿನವ್ರಿಗೆ ಇದು ಬ್ಯಾಡ. ರ್‍ಯಾಪಿಡ್‌ನಾಗ ಲೆಕ್ಕ ತಪ್ಪಿದ್ರ ಪಾನ್ ಹೋಗಿದ್ದೇ ಬಂತು.

5.ಕುಎಫ್3 ಮ್ಯಾಲೇನೇ ಆತು.

ಕಿನ್ನಾಳಗೊಂಬೆ

5.ಕುಎಫ್3 ಕುಎಫ್6 6.0-0 0-0 ಆದ ಮೇಲೆ 7.ಡಿ4ಗೆ ಹೆದರಿ 7.ಡಿ3 ಆಡುವವರು ತುಂಬಾ. ಆಗ 7...ಡಿ5 ಬರುತ್ತದೆ. ಮುಖ್ಯ ಸಾಲಿನ ಬಣ್ಣ ತಿರುಗಿಸಿದ ಹಾಗೆ, ಬಿಳಿಗೆ ಒಂದು ಟೆಂಪೋ (ಒಂದು ನಡೆಯ ಮುನ್ನಡೆ) ಹೆಚ್ಚು ಅಷ್ಟೇ. ಸೋಲುವುದಿಲ್ಲ, ಆದರೆ ಬಿಳಿ ಆಡುತ್ತಾ ಕಪ್ಪಿನ ಆಟ ಆಡಿದಂತೆ.

ಮುದಗಲ್_ಆನೆ

ಕಪ್ಪು ಆಡುವವರಿಗೂ ಸ್ವಲ್ಪ ಹೇಳೋಣ. ನಕಲು ಬಿಟ್ಟು ಗೆಲ್ಲಲು ಆಡಬೇಕು ಅನ್ನುವವರಿಗೆ ಹೆಜ್‌ಹಾಗ್ ಅನ್ನುವ ರಚನೆ ಇದೆ. 1.ಸಿ4 ಸಿ5 2.ಕುಎಫ್3 ಕುಎಫ್6 3.ಜಿ3 ಬಿ6 4.ಒಂಜಿ2 ಒಂಬಿ7 5.0-0 ಇ6 6.ಕುಸಿ3 ಒಂಇ7 7.ಡಿ4 ಸಿ×ಡಿ4 8.ಮಂ×ಡಿ4 ಡಿ6. ಆಮೇಲೆ ...ಎ6, ...ಕುಬಿ-ಡಿ7, ...ಮಂಸಿ7, ...0-0. ಎ6, ಬಿ6, ಡಿ6, ಇ6 ಪಾನ್‌ಗಳು ಕಪ್ಪಿನ ಕಡೆಯಿಂದ ಮೂರನೇ ಸಾಲಿನಲ್ಲಿ ಕೂತು ಬಿಳಿ ಕುದುರೆಗಳಿಗೆ ಒಂದು ಮನೆಯನ್ನೂ ಬಿಡುವುದಿಲ್ಲ.

8.ಕು×ಡಿ4 ಯಾಕಲ್ಲ ಅಂತ ಪ್ರತಿ ಬಾರಿ ಪ್ರಶ್ನೆ ಬರುತ್ತದೆ: 8...ಒಂ×ಜಿ2 9.ರಾ×ಜಿ2 ಆಗಿ ಬಿಳಿಯ ಒಳ್ಳೆ ಒಂಟೆ ಹೋಗುತ್ತದೆ, ಇಕ್ಕಟ್ಟಿನಲ್ಲಿದ್ದ ಕಪ್ಪಿಗೆ ಉಸಿರು ಬರುತ್ತದೆ. ಜಾಗ ಜಾಸ್ತಿ ಇರುವವನು ಕಾಯಿ ಬದಲಾಯಿಸಬಾರದು.

ಕಪ್ಪಿಗೆ ಕಷ್ಟ ಒಂದೇ, ಕಾಯುವ ತಾಳ್ಮೆ. ...ಬಿ5 ಅಥವಾ ...ಡಿ5 ಸಿದ್ಧವಾಗದೆ ತಳ್ಳಿದರೆ ಹಿಂದಿರುವುದೆಲ್ಲ ಬಯಲು.

ಮಾದರಿ ಆಟ: ಪೊಲುಗಾಯೆವ್‌ಸ್ಕಿ–ಫ್ಟಾಚ್ನಿಕ್, ಲುಸರ್ನ್ ಒಲಿಂಪಿಯಾಡ್, 1982. 17...ಎಚ್5, 19...ಡಿ5, 20.ಸಿ×ಡಿ5 ಆದಾಗ ಪಾನ್ ವಾಪಸ್ ಹೊಡೆಯದೆ 20...ಎಚ್4. ಜಿ3ಯನ್ನು ಎಳೆದರೆ ಎಫ್4 ಕಾವಲಿಲ್ಲದೆ ಉಳಿಯುತ್ತದೆ. ಕೊನೆ 28...ಮಂ×ಜಿ2+ 29.ರಾ×ಜಿ2 ಆಡಿ2+, ಬಿಳಿ ಶರಣು. ಆ ಕೊನೆಯ ನಡೆ ಡಬಲ್ ಚೆಕ್: ಎರಡನೇ ಸಾಲಿನಲ್ಲಿ ಆನೆ, ಬಿ7ರಿಂದ ಒಂಟೆ. ಹತ್ತೊಂಬತ್ತು ನಡೆವರೆಗೆ ಮೂರನೇ ಸಾಲಲ್ಲಿ ಮುದುಡಿ ಕೂತಿದ್ದ ಕಡೆಯವನು ಹತ್ತು ನಡೆಯಲ್ಲಿ ಮುಗಿಸಿದ.

ಎಡೆದೊರೆ64

ಇನ್ನೊಂದು ಸೇರಿಸಿ, ನಿಮ್ಝೊವಿಚ್–ರುಬಿನ್‌ಸ್ಟೈನ್, ಡ್ರೆಸ್ಡೆನ್ 1926. 1.ಸಿ4 ಸಿ5 2.ಕುಎಫ್3 ಕುಎಫ್6 3.ಕುಸಿ3 ಡಿ5 4.ಸಿ×ಡಿ5 ಕು×ಡಿ5 5.ಇ4 ಕುಬಿ4 6.ಒಂಸಿ4 ಇ6. ಇದರಲ್ಲಿ 18ನೇ ನಡೆ ಜಿ3ರ ಕುದುರೆ ಮೂಲೆಗೆ, ಎಚ್1ಕ್ಕೆ ಹೋಗುತ್ತದೆ. ಅಲ್ಲಿಂದ ಎಫ್2, ಎಚ್3, ಜಿ5. ಬಿಳಿ ಗೆದ್ದಿತು. ಕುದುರೆಯನ್ನು ಅಂಚಿಗೆ ಇಡಬೇಡ ಅಂತ ಬಾಯಿಪಾಠ ಮಾಡಿಸಿದ ಮಕ್ಕಳಿಗೆ ತೋರಿಸಲೇಬೇಕು.

ಕಿನ್ನಾಳಗೊಂಬೆ

ಇನ್ನೊಂದು ನಿಯಮದ ಮಾತು. ಸಮಸಮ ಸ್ಥಿತಿಯಲ್ಲಿ ಕಾಯಿ ಹಿಂದೆ ಮುಂದೆ ಆಡಿ ಮೂರು ಸಲ ಒಂದೇ ಸ್ಥಿತಿ ಬರುವುದು ಸಾಮಾನ್ಯ. ಆದರೆ ಮಕ್ಕಳು ಆ ನಡೆ ಆಡಿ, ಗಡಿಯಾರ ಒತ್ತಿ, ಆಮೇಲೆ ಕೈ ಎತ್ತುತ್ತಾರೆ. ಅಷ್ಟೊತ್ತಿಗೆ ಹಕ್ಕು ಹೋಗಿರುತ್ತದೆ. ಸ್ಕೋರ್ ಶೀಟ್ ಇರುವ ಕ್ಲಾಸಿಕಲ್ ಆಟದಲ್ಲಿ ನಡೆಯನ್ನು ಬರೆಯಬೇಕು, ಬೋರ್ಡ್ ಮೇಲೆ ಆಡಬಾರದು, ಗಡಿಯಾರ ನಿಲ್ಲಿಸಿ ಆರ್ಬಿಟರ್ (ತೀರ್ಪುಗಾರ) ಕರೆಯಬೇಕು. ಮೂರು ಸಲವೂ ಆಡುವ ಪಾಳಿ ಒಬ್ಬನದೇ ಆಗಿರಬೇಕು. ಐದು ಸಲ ಬಂದರೆ ಯಾರೂ ಕೇಳದಿದ್ದರೂ ಡ್ರಾ.

ಕೋಟೆಗುಡ್ಡ_ಬಳ್ಳಾರಿ

ತರಗತಿ ಹೀಗೆ ಮಾಡುತ್ತೇನೆ: ಮೊದಲು ಗಂಗಾವತಿ ಅಣ್ಣನ ಮಂತ್ರಿ ಹೋಗುವ ಸಾಲು, ಆಮೇಲೆ 14...ಎ6 ಸ್ಥಿತಿ ಇಟ್ಟು ಐದು ನಿಮಿಷ ಮೌನ, "15.ಒಂಇ3 ಯಾಕೆ" ಅಂತ ಬರೆದು ಕೊಡಬೇಕು. 20.ಕುಡಿ5ಕ್ಕೆ ಬಂದಾಗ 21ನೇ ನಡೆಗೆ ಮೊದಲು ಇನ್ನೊಮ್ಮೆ ನಿಲ್ಲಿಸುತ್ತೇನೆ. ಹೆಜ್‌ಹಾಗ್ ಮುಂದಿನ ವಾರ.

ಗಂಗಾವತಿ_ಭತ್ತ

15.ಒಂಇ3 ಕೇಳೋ ಮುಂದ ಕಪ್ಪಿನ ಕಡೆಯಿಂದ ಕೂಡಸ್ರಿ. ಬಿಳಿ ಕಡೆ ಕೂತ್ರ ಎ7 ಎಲ್ಲಾರಿಗೂ ಕಾಣ್ತದ. ಕಪ್ಪಿನ ಕಡೆ ಕೂತು ...ಬಿ5 ಆಡೋ ಆಸಿ ಇಟ್ಕೊಂಡಾಗ ಕಾಣ್ತದೋ ಇಲ್ಲೋ ಅದನ್ನ ನೋಡ್ಬೇಕು.